ಫಿಟ್ಟರ್ ಮುಚ್ಚಿದ ಬಾಗಿಲು

ಯುದ್ಧ ಮುಗಿಸಿ ಫಿಟ್ಟರ್ ಮನೆಗೆ ಬಂದಾಗ ಅವನ ಪದಕ ನೋಡಲು ಬೀದಿಯವರೆಲ್ಲ ಮುಗಿಬಿದ್ದರು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನಿಗೆ ಆ ಹೆಸರು ಅಂಟಿಕೊಂಡಿತ್ತು. ಹೆಂಡತಿ ತಮಾಷೆಗೆ ‘ಫಿಟ್ಟರ್ ಸಾಹೇಬ್ರು’ ಎನ್ನುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಜೊತೆಯಲ್ಲೇ ಇದ್ದ ಅತ್ತೆ. ಅದೇ ಹಡಗಿನಲ್ಲಿ ಸತ್ತ ಮಗನ ದುಃಖವನ್ನು ಅವರು ಅಳಿಯನ ಮುಖ ನೋಡಿ ನುಂಗಿಕೊಂಡಿದ್ದರು. ಹಾಲಿನವಳು ಬಂದರೂ ಸರಿ, ಕರೆಂಟ್ ಮೀಟರ್ ನೋಡುವವನು ಬಂದರೂ ಸರಿ, ಪೆಟ್ಟಿಗೆ ತೆಗೆದು ಪದಕ ತೋರಿಸುವರು.

ಆ ಭಾಮೈದನನ್ನು ಹಡಗಿಗೆ ಸೇರಿಸಿದವನು ಫಿಟ್ಟರೇ. ಮನೆಯಲ್ಲಿ ಕೂತು ಅಮ್ಮನಿಂದ ಬೈಸಿಕೊಳ್ಳುವ ಬದಲು ನನ್ನ ಕಣ್ಣ ಮುಂದೆ ಕೆಲಸ ಕಲಿಯಲಿ ಎಂದು ಮೇಲಿನವರ ಕೈಕಾಲು ಹಿಡಿದಿದ್ದ.

ಶತ್ರುವಿನ ಟಾರ್ಪೆಡೊ ಬಡಿದು ಬಾಯ್ಲರ್ ಕೋಣೆಗೆ ನೀರು ನುಗ್ಗಿದಾಗ ಫಿಟ್ಟರ್ ಪಕ್ಕದ ಕೋಣೆಯಲ್ಲಿದ್ದ. ನಡುವಿನ ಕಬ್ಬಿಣದ ಬಾಗಿಲು ಮುಚ್ಚದಿದ್ದರೆ ಇಡೀ ಹಡಗೇ ಮುಳುಗುತ್ತಿತ್ತು. ಸೊಂಟದ ಮಟ್ಟದ ಬಿಸಿನೀರಿನಲ್ಲಿ ನಿಂತು, ಬೆನ್ನು ಕೊಟ್ಟು ಬಾಗಿಲು ತಳ್ಳಿ, ಚಕ್ರ ತಿರುಗಿಸಿ ಬಿಗಿದ. ಅಂಗೈ ಚರ್ಮ ಕಾದ ಚಕ್ರಕ್ಕೇ ಅಂಟಿತು. ಉಳಿದವರೆಲ್ಲ ಬದುಕಿದರು. ಆಚೆಯಿದ್ದವರು ಆಗಲೇ ತೀರಿಕೊಂಡಿದ್ದರು ಎಂದು ಎಲ್ಲರೂ ನಂಬಿದರು. ಅವನೂ ಹಾಗೇ ಹೇಳಿದ.

ಊರಿಗೆ ಬಂದು ಬಣ್ಣದ ಕಾರ್ಖಾನೆಯ ಪಂಪುಮನೆಗೆ ಸೇರಿದ. ಪಂಪು ಗಡಗಡ ಎನ್ನುವಷ್ಟು ಹೊತ್ತು ಹೇಗೋ ಇರುತ್ತಿದ್ದ. ಅದು ನಿಂತರೆ ಹೊರಗೆ ಓಡಿಬರುತ್ತಿದ್ದ. ಕೊನೆಗೆ ಕೆಲಸವೂ ಹೋಯಿತು. ಮನೆಯಲ್ಲಿ ಬಚ್ಚಲ ಬಾಗಿಲನ್ನೂ ಹಾಕಗೊಡಲಿಲ್ಲ. ಹೆಂಡತಿ ಮೊದಮೊದಲು ನಕ್ಕಳು, ಆಮೇಲೆ ಹೆದರಿದಳು. ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ, ಏನಾಗಿದೆ ಹೇಳಿ ಎಂದು ಪಟ್ಟು ಹಿಡಿದಳು.

“ನಿನ್ನ ತಮ್ಮ ಬದುಕಿದ್ದ,” ಎಂದ. “ಬಾಗಿಲು ಬಡಿದ. ಭಾವಾ, ನಾನು ಇಲ್ಲೇ ಇದೀನಿ ಅಂದ.”

“ನೀವೇನಂದ್ರಿ?”

“ಏನೂ ಅನ್ನಲಿಲ್ಲ. ಚಕ್ರ ಇನ್ನೂ ಬಿಗಿ ಮಾಡ್ದೆ.”

ಅವಳು ಕಿರುಚಲಿಲ್ಲ. ಅಮ್ಮನಿಗೆ ಮಾತ್ರ ಹೇಳಬೇಡಿ ಎಂದಳು. ಎದ್ದು ತನ್ನ ಹಾಸಿಗೆ ಸುತ್ತಿ ತಾಯಿಯ ಕೋಣೆಗೆ ಒಯ್ದಳು. ಬೈದಿದ್ದರೆ, ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ಅತ್ತೆ ಹಾಸಿಗೆ ನೋಡಿ ಗಂಡ ಹೆಂಡಿರ ಜಗಳ ಎಂದುಕೊಂಡರು. ಅವರು ಮಗಳನ್ನು ಗದರುತ್ತಿದ್ದದ್ದು ಹಿತ್ತಿಲಲ್ಲಿ ಕೂತಿದ್ದ ಅವನಿಗೂ ಕೇಳಿಸಿತು.

“ಇದ್ದ ಒಬ್ಬ ಮಗ ಹೋದ. ಇನ್ನು ನನಗೆ ಮಗ ಅಂದ್ರೂ ಅವ್ರೇ, ಅಳಿಯ ಅಂದ್ರೂ ಅವ್ರೇ. ಹೋಗು, ಊಟಕ್ಕೆ ಕರಿ.”

ಮಗಳು ಹಿತ್ತಿಲ ಮೆಟ್ಟಿಲವರೆಗೆ ಬಂದಳು. ಅವನು ತಲೆಯೆತ್ತಿದ. ಅವಳಿಗೆ ಕರೆಯಲು ಬಾಯಿ ಬರಲಿಲ್ಲ. ಒಳಗೆ ಅತ್ತೆ ತಟ್ಟೆ ಹಾಕುತ್ತಿದ್ದರು.