ಹಿಕ್ಕೆಯೊಳಗೆ ಏನಿದೆ?

ದೇವಸಮುದ್ರದ ಆಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ ಕಾಂಚನಾ ವಿಜ್ಞಾನ ಕಲಿಸುತ್ತಾಳೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಅವಳ ಅವ್ವ ಯರ್ರಮ್ಮ ಈಗಲೂ ಹಿಂಡಿನ ಹಿಂದೆ ಗುಡ್ಡ ಸುತ್ತುತ್ತಾಳೆ.

ಕಾಂಚನಾ ಓದಿದ ಹೈಸ್ಕೂಲಿನಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ಅದು ಗಾಜಿನ ಬೀರುವಿನಿಂದ ಹೊರಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಹೊರಗೇ ಇತ್ತು, ಆದರೆ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಈರುಳ್ಳಿ ಪೊರೆಯ ಚಿತ್ರವನ್ನು ಪುಸ್ತಕ ನೋಡಿ ಬರೆದಳು, ಪೂರ್ತಿ ಅಂಕವೂ ಬಂತು. ನಿಜವಾದ ಪೊರೆ ಹೇಗಿರುತ್ತದೆ ಎಂಬ ಕುತೂಹಲ ಮಾತ್ರ ಅಂಕದಿಂದ ತೀರಲಿಲ್ಲ.

ಟೀಚರಾದ ಮೇಲೆ ಬಿಟ್ಟಿ ಸಿಗುವುದನ್ನೆಲ್ಲ ಹುಡುಕುವುದೇ ಅವಳ ಗೀಳಾಯಿತು. ಫೋನಿನಲ್ಲಿ ಪ್ರಯೋಗದ ವಿಡಿಯೋಗಳು ಸಿಕ್ಕವು, ಮೊಳಕಾಲ್ಮುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಳ್ಳಬಹುದಾದ ಪಾಠದ ಹಾಳೆಗಳು ಸಿಕ್ಕವು. ಬಾಟಲಿ, ಬಲೂನು, ಸೈಕಲ್ ಟ್ಯೂಬಿನಲ್ಲಿ ಮಾಡಬಹುದಾದದ್ದನ್ನೆಲ್ಲ ಮಕ್ಕಳ ಕೈಯಲ್ಲೇ ಮಾಡಿಸಿದಳು. ಸೂಕ್ಷ್ಮದರ್ಶಕ ಮಾತ್ರ ಹಾಗೆ ಆಗುವಂಥದ್ದಲ್ಲ. ಶಾಲೆಗಳಿಗೆ ಅನುದಾನ ಕೊಡುವ ಒಂದು ಟ್ರಸ್ಟಿಗೆ, ನಮ್ಮಲ್ಲಿ ಪ್ರಯೋಗಾಲಯವಿಲ್ಲ, ಸಲಕರಣೆ ಕೊಡಿ ಎಂದು ಬರೆದಳು. ಅದರಿಂದ ನಿಮ್ಮ ಮಕ್ಕಳು ಏನನ್ನು ಕಂಡುಕೊಳ್ಳುತ್ತಾರೆ, ಅದನ್ನು ತಿಳಿಸಿ ಎಂದು ಉತ್ತರ ಬಂತು.

ಅವಳಿಗೆ ಸಿಟ್ಟು ಬಂತು. ಏನು ಕಾಣುತ್ತದೆಂದು ಮೊದಲೇ ಗೊತ್ತಿದ್ದರೆ ಸೂಕ್ಷ್ಮದರ್ಶಕ ಯಾಕೆ ಬೇಕಿತ್ತು ಎಂದು ಹೆಡ್‌ಮಾಸ್ಟರ್ ಗೋವರ್ಧನ ಅವರ ಹತ್ತಿರ ಹೇಳಿಕೊಂಡಳು.

“ನನ್ನನ್ಯಾಕೆ ಕೇಳ್ತೀರಿ ಮೇಡಂ? ಮಕ್ಕಳನ್ನ ಕೇಳ್ರಿ,” ಎಂದರು ಅವರು.

ಕೇಳಿದಳು. ಕೆಲವರು ಚಂದ್ರನನ್ನು ನೋಡಬೇಕೆಂದರು. ಏಳನೇ ತರಗತಿಯ ದಿವ್ಯಾ ಎದ್ದು ನಿಂತಳು. “ಮಳೆಗಾಲದಾಗೆ ನಮ್ಮ ಕುರಿಗಳಿಗೆ ಗದ್ದದ ಕೆಳಗೆ ನೀರು ತುಂಬ್ಕಂತೈತೆ ಮಿಸ್. ಹೊಟ್ಟೆಯಾಗೆ ಹುಳ ಆಗೈತೆ ಅಂತಾನೆ ನಮ್ಮಪ್ಪ. ಆ ಹುಳ ಒಳಗೆ ಹೆಂಗೆ ಹೋಯ್ತು?”

ತರಗತಿಯಲ್ಲಿದ್ದ ಹೆಚ್ಚಿನವರ ಮನೆಯಲ್ಲೂ ಕುರಿಗಳಿದ್ದವು. ಕಾಂಚನಾಗೂ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಅವ್ವನನ್ನು ಕೇಳಿದಳು. ಕೆರೆಗೆ ಬಂದ ಹೊಸ ನೀರು ಕುಡಿದರೆ ಹಾಗಾಗುತ್ತದೆ ಎಂದಳು ಯರ್ರಮ್ಮ. ಪಶು ಆಸ್ಪತ್ರೆಯ ಡಾಕ್ಟರು ಈರೇಶ್ ಬೇರೆಯೇ ಹೇಳಿದರು: ಜಂತುಹುಳುವಿನ ಮೊಟ್ಟೆ ಹಿಕ್ಕೆಯ ಜೊತೆ ಹೊರಗೆ ಬರುತ್ತದೆ, ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿದರೆ ಮೊಟ್ಟೆ ಮೇಲಕ್ಕೆ ತೇಲುತ್ತದೆ. ಕಾಂಚನಾ ದಿವ್ಯಾಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದು ಟ್ರಸ್ಟಿಗೆ ಕಳಿಸಿದಳು.

ಮಳೆ ಹಿಡಿಯುವ ಹೊತ್ತಿಗೆ ಟ್ರಸ್ಟಿನಿಂದ ಸೂಕ್ಷ್ಮದರ್ಶಕದ ಪೆಟ್ಟಿಗೆ ಬಂತು. ಮಕ್ಕಳು ಬರುವ ಮುಂಚೆಯೇ ಅವಳು ಅಡುಗೆ ಕೋಣೆಯಿಂದ ಒಂದು ಈರುಳ್ಳಿ ತಂದು, ಪೊರೆ ಬಿಡಿಸಿ ನೋಡಿದಳು. ಇಟ್ಟಿಗೆ ಜೋಡಿಸಿದಂಥ ಕೋಶಗಳು ಕಂಡವು. ಪುಸ್ತಕದ ಚಿತ್ರಕ್ಕಿಂತ ಅಂಕುಡೊಂಕು, ಆದರೆ ಬೆಳಕು ತುಂಬಿಕೊಂಡಿದ್ದವು. ಗಂಟೆ ಹೊಡೆದದ್ದು ಅವಳಿಗೆ ಕೇಳಿಸಲಿಲ್ಲ.

ಮಕ್ಕಳು ಪ್ಲಾಸ್ಟಿಕ್ ಕವರಿನಲ್ಲಿ ಹಿಕ್ಕೆ ತಂದರು. ಬಿಸಿಯೂಟದ ಉಪ್ಪಿನಲ್ಲಿ ನೀರು ತಯಾರಾಯಿತು. ಕದಡಿ, ಸೋಸಿ, ಮೇಲಿನ ಹನಿಯನ್ನು ಗಾಜಿನ ಮೇಲಿಟ್ಟು ಕಾಂಚನಾ ಕಣ್ಣಿಟ್ಟಳು. ಕಪ್ಪು ಅಂಚಿನ ದುಂಡು ದುಂಡು ಆಕೃತಿಗಳು! ಮಕ್ಕಳು ಸಾಲಾಗಿ ಬಂದು ನೋಡಿದರು. ಒಬ್ಬ ಹುಡುಗ ಬೋರ್ಡಿನ ಮೇಲೆ ದೊಡ್ಡದಾಗಿ ಮೊಟ್ಟೆ ಬರೆದ. ಫೋಟೋ ತೆಗೆದು ಟ್ರಸ್ಟಿಗೆ ಕಳಿಸಲು ಕಾಂಚನಾ ಫೋನ್ ಹಿಡಿದಳು. ಅಷ್ಟರಲ್ಲಿ ದಿವ್ಯಾ, ಹಿಕ್ಕೆ ಹಾಕದ ಬರೀ ಉಪ್ಪುನೀರು ಹೇಗಿರುತ್ತದೆ, ಅದನ್ನೂ ನೋಡೋಣವೇ ಎಂದು ಕೇಳಿದಳು.

ಬರೀ ಉಪ್ಪುನೀರಿನಲ್ಲೂ ಅದೇ ದುಂಡು ಆಕೃತಿಗಳಿದ್ದವು. ಅವು ಗಾಳಿಗುಳ್ಳೆಗಳು.

ಹುಡುಗರು ಬಿದ್ದು ಬಿದ್ದು ನಕ್ಕರು. ಕಾಂಚನಾಗೆ ಕಿವಿ ಬಿಸಿಯಾಯಿತು, ಆಮೇಲೆ ಅವಳಿಗೂ ನಗು ಬಂತು. ಬೋರ್ಡಿನ ಮೊಟ್ಟೆ ಒರೆಸಿ, “ಇನ್ಮೇಲೆ ಮೊದಲು ಬರೀ ನೀರು ನೋಡಾಣ, ಆಮೇಲೆ ಹಿಕ್ಕೆ,” ಎಂದಳು.

ಹಾಗೇ ಮಾಡಿದರು. ಎಷ್ಟೋ ಹನಿಗಳಲ್ಲಿ ಏನೂ ಇರಲಿಲ್ಲ. ಕೊನೆಗೆ ದಿವ್ಯಾಳ ಅಪ್ಪ ಕಾಟಪ್ಪನ ಒಂದು ಸೊರಗಿದ ಮರಿಯ ಹಿಕ್ಕೆಯಲ್ಲಿ ಬೇರೆಯದೇ ಒಂದು ಆಕೃತಿ ಕಂಡಿತು. ಸ್ವಲ್ಪ ಉದ್ದನೆಯ ದುಂಡು, ತೆಳು ಸಿಪ್ಪೆ, ಒಳಗೆ ದ್ರಾಕ್ಷಿ ಗೊಂಚಲಿನಂಥ ಕಾಳುಗಳು. ಬರೀ ನೀರಿನಲ್ಲಿ ಅಂಥದ್ದು ಇರಲಿಲ್ಲ. ಕಾಂಚನಾ ಈ ಸಲ ಅವಸರ ಮಾಡದೆ ಡಾಕ್ಟರನ್ನು ಕರೆಸಿದಳು. ಈರೇಶ್ ಬಹಳ ಹೊತ್ತು ನೋಡಿ, ಜಂತಿನ ಮೊಟ್ಟೆಯೇ ಎಂದರು. ಮರಿಯ ಕಣ್ಣ ರೆಪ್ಪೆ ಬಿಡಿಸಿ, ಹುಳ ರಕ್ತ ಹೀರಿ ಒಳಗೆ ಕೆಂಪಿಲ್ಲದೆ ಬಿಳಚಿಕೊಂಡಿದ್ದನ್ನು ಮಕ್ಕಳಿಗೆ ತೋರಿಸಿದರು. ಸಿಕ್ಕ ಸಿಕ್ಕ ಕುರಿಗೆಲ್ಲ ಒಂದೇ ಔಷಧಿ ಕುಡಿಸುತ್ತಿದ್ದರೆ ಹುಳ ಅದಕ್ಕೆ ಒಗ್ಗಿಹೋಗುತ್ತದೆ ಎಂದೂ ಹೇಳಿದರು. ಕಾಟಪ್ಪ ಡಾಕ್ಟರು ಗುರುತಿಸಿದ ಕುರಿಗಳಿಗಷ್ಟೇ ಕುಡಿಸಿದ. ಕೆಲವು ದಿನ ಬಿಟ್ಟು ಮಕ್ಕಳು ಅವೇ ಕುರಿಗಳ ಹಿಕ್ಕೆ ನೋಡಿದಾಗ ಮೊಟ್ಟೆಗಳು ಅಪರೂಪವಾಗಿದ್ದವು. ಮರಿ ಚೇತರಿಸಿಕೊಂಡಿತು.

ಹುಳ ಒಳಗೆ ಹೋದದ್ದು ಹೇಗೆ? ಮೊಟ್ಟೆ ಒಡೆದು ಬಂದ ಮರಿಹುಳಗಳು ಒದ್ದೆ ಹುಲ್ಲನ್ನು ಹತ್ತಿ ಕೂರುತ್ತವೆ, ಕುರಿ ಹುಲ್ಲಿನ ಜೊತೆ ತಿನ್ನುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಯರ್ರಮ್ಮ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಹಿಂಡನ್ನು ಶಾಲೆಯ ಬೇಲಿಯಾಚೆ ನಿಲ್ಲಿಸಿ, ಬಾಟಲಿಯಲ್ಲಿ ಕೆರೆ ನೀರು ಹಿಡಿದು ನೇರ ತರಗತಿಗೇ ಬಂದಳು. ಇದನ್ನೂ ನೋಡಬೇಕು ಎಂದಳು.

ಕೆರೆ ನೀರಿನಲ್ಲಿ ಮೊಟ್ಟೆ ಸಿಗಲಿಲ್ಲ. ಸಾಸಿವೆಗಿಂತ ಸಣ್ಣ ಜೀವವೊಂದು ಸಿಕ್ಕಿತು. ಮೈ ಗಾಜಿನ ಹಾಗೆ, ಆಚೆ ಬದಿ ಕಾಣುವಷ್ಟು ತಿಳಿ. ಕಾಂಚನಾ ಅವ್ವನ ತಲೆಯನ್ನು ಮೆಲ್ಲಗೆ ಬಾಗಿಸಿ ಕಣ್ಣು ಎಲ್ಲಿಡಬೇಕೆಂದು ತೋರಿಸಿದಳು. ಯರ್ರಮ್ಮ ಇನ್ನೊಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡಳು.

“ಇದೇಮಿಟೇ?” ಇದೇನೇ ಎಂದು ತೆಲುಗಿನಲ್ಲಿ ಕೇಳಿದಳು. ಮತ್ತೆ ಕನ್ನಡಕ್ಕೆ ಹೊರಳಿ, “ಒಳಗೆ ಏನೋ ಪಟಪಟ ಬಡ್ಕಂತೈತೆ. ಗುಂಡಿಗೇನಾ ಅದು?”

“ಗುಂಡಿಗೆನೇ ಇರಬೇಕವ್ವ.”

“ಏನು ತಿಂತೈತೆ?”

ಕಾಂಚನಾಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದಳು. ಹಿಂದೆ ಮಕ್ಕಳ ಸಾಲು ಬೆಳೆದಿತ್ತು, ಬೇಲಿಯಾಚೆ ಕುರಿಗಳು ಅರಚಲು ಶುರು ಮಾಡಿದ್ದವು. ಯರ್ರಮ್ಮ ಕಣ್ಣು ತೆಗೆಯದೆ, ಒಂದು ಕೈಯಿಂದ ಎಲ್ಲರಿಗೂ ಸ್ವಲ್ಪ ತಡೆಯುವಂತೆ ಸನ್ನೆ ಮಾಡಿದಳು.