ಹುಣಸೆ ಮಿಷನ್ನಿನ ಪಾಲಾಕ್ಷ

ಪಾಲಾಕ್ಷ ಒಂದೆಡೆ ಕುಳಿತು ಪೂರ್ತಿ ಊಟ ಮಾಡಿದ್ದನ್ನು ಕಂಡವರು ಮಧುಗಿರಿಯಲ್ಲಿ ಕಡಿಮೆ. ಎರಡು ತುತ್ತು ಮುದ್ದೆ ನುಂಗುತ್ತಾನೆ, ಏನೋ ಹೊಳೆದವನಂತೆ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗುತ್ತಾನೆ. ಅವನ ಹೆಂಡತಿ ವನಜಾಕ್ಷಿ ಅದಕ್ಕೆ ತಟ್ಟೆ ಮುಚ್ಚಿಡಲು ಒಂದು ಬುಟ್ಟಿಯನ್ನೇ ಬೇರೆ ಮಾಡಿಟ್ಟಿದ್ದಾಳೆ. "ಈ ಮನುಷ್ಯನ ಕಾಲಿಗೆ ಇರುವೆ ಮುತ್ಕೊಂಡವೆ ಕಣಮ್ಮ" ಎಂದು ಅಕ್ಕಪಕ್ಕದವರ ಹತ್ತಿರ ಹೇಳುತ್ತಾಳೆ.

ವಯಸ್ಸು ನಲವತ್ತಾರು. ಹತ್ತೊಂಬತ್ತಕ್ಕೇ ಪೀಣ್ಯಕ್ಕೆ ಹೋಗಿ ಲೇತ್ ಕೆಲಸ ಕಲಿತವನು. ಒಂಬತ್ತು ವರ್ಷ ಒಂದೇ ಕಾರ್ಖಾನೆಯಲ್ಲಿ, ಒಂದೇ ಅಳತೆಯ ಬುಷ್ಷನ್ನು, ಅಂದರೆ ಲೋಹದ ಬಳೆಯನ್ನು, ದಿನಕ್ಕೆ ಇನ್ನೂರರಂತೆ ಕಡೆದು ಹಾಕಿದ. ಕೊನೆಗೊಂದು ದಿನ ಮೇಸ್ತ್ರಿಗೆ ಹೇಳಿದನಂತೆ: "ಇದು ನನ್ನ ಕೈಗೆ ಗೊತ್ತಾಗ್ಬುಟ್ಟದೆ ಸಾರ್, ನನ್ನ ಅವಶ್ಯಕತೆ ಇದಕ್ಕಿಲ್ಲ." ಹಾಗೆ ಹೇಳಿ, ಹಳೆಯ ಲೇತೊಂದನ್ನು ಟೆಂಪೊದಲ್ಲಿ ಹೇರಿಕೊಂಡು ಊರಿಗೆ ಬಂದ.

ಸಿರಾ ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಅಂಗಡಿ ಹಾಕಿದ. ಆ ಗಲ್ಲಿಯಲ್ಲಿ ಹದಿನಾಲ್ಕು ಅಂಗಡಿಗಳಿವೆ. ಒಬ್ಬ ಗೇರ್ ಚಕ್ರಕ್ಕೆ ಹಲ್ಲು ಕೊರೆಯುತ್ತಾನೆ, ಒಬ್ಬ ತಗಡು ಬಗ್ಗಿಸುತ್ತಾನೆ, ಇನ್ನೊಬ್ಬ ಸುಟ್ಟುಹೋದ ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುತ್ತಾನೆ. ಮೂಲೆಯಲ್ಲಿ ಅಂಜನಪ್ಪನ ಕುಲುಮೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದ ಮನೆತನ ಅದು. ಗಾಡಿಗಳು ಹೋದ ಮೇಲೆ ಅಂಜನಪ್ಪ ಸ್ಪ್ರಿಂಗ್ ಮಾಡಲು ನಿಂತ. ಒಂದು ಅಂಗಡಿಯಲ್ಲಿ ಶುರುವಾದ ಕೆಲಸ ನಾಲ್ಕನೆಯದರಲ್ಲಿ ಮುಗಿಯುತ್ತಿತ್ತು. ಒಬ್ಬನ ಡ್ರಿಲ್ಲನ್ನು ಇನ್ನೊಬ್ಬ ಕೇಳದೆ ಒಯ್ಯುತ್ತಿದ್ದ, ಜಗಳವಾಗುತ್ತಿತ್ತು, ಜಗಳದ ನಡುವೆಯೇ "ಆ ಕೀಲು ಅಲ್ಲಲ್ಲ ಕಣ್ಲಾ ಕೂರಿಸೋದು, ಇತ್ಲಾಗೆ" ಎಂದು ಬುದ್ಧಿಮಾತೂ ಬರುತ್ತಿತ್ತು. ಪಾಲಾಕ್ಷನ ಸ್ವಭಾವಕ್ಕೆ ಅದು ಹೇಳಿ ಮಾಡಿಸಿದ ಜಾಗ.

ಬೊಮ್ಮಕ್ಕ ಅಲ್ಲಿಗೆ ಬಂದದ್ದು ಸುತ್ತಿಗೆ ಮಾಡಿಸಲು. ಮಿಡಿಗೇಶಿ ಕಡೆಯ ಹೆಂಗಸು, ಐವತ್ತು ದಾಟಿದವಳು. ಹುಣಸೆ ಸುಗ್ಗಿಯಲ್ಲಿ ನಲವತ್ತು ಹೆಂಗಸರ ಸಂಘ ಕಟ್ಟಿಕೊಂಡು ಕಾಯಿ ಬಡಿದು, ನಾರು ಎಳೆದು, ಬೀಜ ಬಿಡಿಸಿ ಮಂಡಿಯ ವ್ಯಾಪಾರಿಗಳಿಗೆ ಕೂಲಿಯ ಮೇಲೆ ಹಣ್ಣು ಮಾಡಿಕೊಡುತ್ತಿದ್ದಳು. ಮಾಡಿಸಿದ ಸುತ್ತಿಗೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿ, ಆರನ್ನು ಪಕ್ಕಕ್ಕಿಟ್ಟಳು.

"ಇವು ಭಾರ. ತೆಗ್ದುಬುಡು."

"ಎಲ್ಲಾ ಒಂದೇ ಅಳತೆ ಅವ್ವ."

"ನಿನ್ನ ಅಳತೆಗೆ ಒಂದೇ ಇರ್ಬೋದು. ನಮ್ಮ ಕೈಗಲ್ಲ."

ತೂಗಿ ನೋಡಿದರೆ ಆರೂ ಹತ್ತು ಗ್ರಾಂ ಹೆಚ್ಚಿದ್ದವು. ಪಾಲಾಕ್ಷನಿಗೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ಮಿಡಿಗೇಶಿಗೆ ಹೋಗಿ ಹೆಂಗಸರು ಬಡಿಯುವುದನ್ನು ನಿಂತು ನೋಡಿದ. ಆ ಬಾಗಿದ ಬೆನ್ನುಗಳು, ಒಡೆದ ಹೆಬ್ಬೆರಳುಗಳು. ಅಲ್ಲೇ ಹೇಳಿಬಿಟ್ಟ: "ಇದಕ್ಕೊಂದು ಮಿಷನ್ನು ಮಾಡ್ತೀನಿ." ಹೆಂಗಸರು ನಕ್ಕರು.

ಮೊದಲನೆಯ ಮಿಷನ್ನಿನಲ್ಲಿ ಎರಡು ರೋಲರುಗಳಿದ್ದವು. ಕಾಯಿ ಹಾಕಿದರೆ ಸಿಪ್ಪೆ, ಹಣ್ಣು, ಬೀಜ ಎಲ್ಲ ಸೇರಿ ಚಟ್ನಿಯಾಗಿ ಬಂತು. ಎರಡನೆಯದು ಬೀಜವನ್ನೇ ಪುಡಿ ಮಾಡಿತು. ಬೊಮ್ಮಕ್ಕ ಪ್ರತಿ ಮಂಗಳವಾರ ಬಸ್ಸಿನಲ್ಲಿ ಒಂದು ಚೀಲ ಕಾಯಿ ತರುತ್ತಿದ್ದಳು, ಹಾಳಾದ ಹಣ್ಣು ನೋಡಿ ಬೈದು ಹೋಗುತ್ತಿದ್ದಳು, ಮುಂದಿನ ಮಂಗಳವಾರ ಮತ್ತೆ ಬರುತ್ತಿದ್ದಳು. ಒಂದು ದಿನ ರೋಲರನ್ನು ಬೆರಳಿಂದ ಕುಟ್ಟಿ ಹೇಳಿದಳು:

"ನೀನು ಹಣ್ಣನ್ನ ಹಿಸುಕ್ತಿದೀಯ ಕಣಪ್ಪ. ನಾವು ಹಿಸುಕಲ್ಲ. ಸುತ್ತಿಗೆ ಬೀಳ್ಬೇಕು, ಬಿದ್ದ ತಕ್ಷಣ ಮ್ಯಾಕ್ಕೆ ಏಳ್ಬೇಕು. ಅಲ್ಲೇ ಕುಂತ್ರೆ ಹಣ್ಣು ಸತ್ತೋಯ್ತದೆ."

ಪಾಲಾಕ್ಷ ಆ ಮಾತನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಅಂಜನಪ್ಪನ ಕುಲುಮೆಗೆ ಓಡಿದ. ಬಿದ್ದು ಏಳುವ ಸುತ್ತಿಗೆಗೆ ಸ್ಪ್ರಿಂಗ್ ಬೇಕು. ಅಂಜನಪ್ಪ ತಂತಿ ಕಾಯಿಸಿ, ಜೇನಿನ ಬಣ್ಣ ಬಂದಾಗ ಎಣ್ಣೆಗೆ ಅದ್ದಿ, ಸ್ಪ್ರಿಂಗನ್ನು ಕಿವಿಯ ಹತ್ತಿರ ಮಿಡಿದು ನೋಡಿ, "ಇದು ಆಯ್ತದೆ, ಇದು ಆಗಾಕಿಲ್ಲ" ಎಂದು ಬೇರೆ ಮಾಡುತ್ತಿದ್ದ. ಒಂದೂವರೆ ವರ್ಷ ಹೀಗೇ ಹೋಯಿತು. ಕೊನೆಗೆ ಮಿಷನ್ನು ಸಿಪ್ಪೆಯನ್ನಷ್ಟೇ ಒಡೆದು, ಹಣ್ಣನ್ನು ಇಡಿಯಾಗಿ ಹೊರಗೆ ಬಿಟ್ಟ ದಿನ ಇಡೀ ಗಲ್ಲಿ ಕೆಲಸ ಬಿಟ್ಟು ಬಂದು ನೋಡಿತು.

ಬೊಮ್ಮಕ್ಕ ಮಾತ್ರ ನಗಲಿಲ್ಲ. "ಇದನ್ನ ಮಂಡಿಯವ್ರು ತಕೊಂಡೋದ್ರೆ ನಮ್ಮ ಹೆಂಗಸ್ರು ಏನ್ ಮಾಡ್ಬೇಕು? ನಮ್ಮ ಕೂಲಿಗೆ ನಾನೇ ಕಲ್ಲು ಹಾಕ್ದಂಗಾಗಲ್ವಾ?"

"ಮೊದಲ್ನೇ ಮಿಷನ್ನು ನಿಮ್ಮ ಸಂಘಕ್ಕೇ ಅಕ್ಕ. ಆಮೇಲೆ ಮಿಕ್ಕೋರಿಗೆ" ಎಂದ ಪಾಲಾಕ್ಷ. ಆ ಹೊತ್ತಿಗೆ ಅದು ಅವನ ಮನಸ್ಸಿನ ಮಾತೇ ಆಗಿತ್ತು.

ಆಗ ಬಂದವರು ನಾಗಭೂಷಣ್. ಸಣ್ಣ ಕೈಗಾರಿಕೆಗಳನ್ನು ಒಂದೆಡೆ ಸೇರಿಸುವ ಕ್ಲಸ್ಟರ್ ಯೋಜನೆಯೊಂದರ ಅಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಅವಸರದಲ್ಲಿದ್ದರು. ಮಾರ್ಚಿನೊಳಗೆ ತೋರಿಸಲು ಒಂದು ಹೊಸ ಆವಿಷ್ಕಾರ ಬೇಕಿತ್ತು. ಇಲಾಖೆಯ ಸ್ಪರ್ಧೆಯೊಂದರ ಅರ್ಜಿಯನ್ನು ಪಾಲಾಕ್ಷನ ಕೈಗಿತ್ತು ಅಲ್ಲೇ ತುಂಬಿಸಿಕೊಂಡರು. 'ಆವಿಷ್ಕಾರ ಮಾಡಿದವರ ಹೆಸರು' ಎಂಬಲ್ಲಿ ಒಂದೇ ಗೆರೆ ಇತ್ತು. ಪಾಲಾಕ್ಷ ಪೆನ್ನು ಹಿಡಿದು ಒಂದು ಗಳಿಗೆ ತಡೆದ. ಆಮೇಲೆ ತನ್ನ ಹೆಸರು ಬರೆದ.

ಬಹುಮಾನ ಬಂತು. ಶಾಲು, ಹಾರ, ಪತ್ರಿಕೆಯಲ್ಲಿ ಫೋಟೊ. ಅದರ ಬೆನ್ನಿಗೇ ಕೊರಟಗೆರೆ ದಾಟಿ ಹೊಸದಾಗಿ ಆದ ಕೈಗಾರಿಕಾ ವಸಾಹತಿನಲ್ಲಿ ಕಡಿಮೆ ಬಾಡಿಗೆಗೆ ಒಂದು ಶೆಡ್ಡು. ಲಕ್ಷ್ಮೀಪತಿ ಎಂಬ ದೊಡ್ಡ ಹುಣಸೆ ವ್ಯಾಪಾರಿ ಹನ್ನೆರಡು ಮಿಷನ್ನು ಬೇಕೆಂದ, ಸುಗ್ಗಿಗೆ ಮುಂಚೆಯೇ ಬೇಕೆಂದ. ಪಾಲಾಕ್ಷ ಮೂರೇ ದಿನದಲ್ಲಿ ಅಂಗಡಿ ಬಿಚ್ಚಿದ.

"ಬೊಮ್ಮಕ್ಕಂಗೆ ಮಾತು ಕೊಟ್ಟಿದ್ದೆ ಅಲ್ವಾ?" ಎಂದಳು ವನಜಾಕ್ಷಿ.

"ಹನ್ನೆರಡು ಆಗ್ಲಿ, ಹದಿಮೂರನೇದು ಅವ್ರಿಗೆ."

ಪತ್ರಿಕೆಯ ಫೋಟೊ ಮಿಡಿಗೇಶಿಗೂ ತಲುಪಿತ್ತು. ಮಂಗಳವಾರದ ಬಸ್ಸಿನಲ್ಲಿ ಬೊಮ್ಮಕ್ಕ ಬರುವುದು ನಿಂತಿತು.

ವಸಾಹತಿನಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಅಗಲವಾದ ರಸ್ತೆ, ಸಾಲು ದೀಪ, ಕೈಕೊಡದ ಕರೆಂಟು. ಎಡಗಡೆ ಬಿಸ್ಕತ್ತು ತುಂಬುವ ಘಟಕ. ಅಲ್ಲಿನವರು ಬೆಳಿಗ್ಗೆ ವ್ಯಾನಿನಲ್ಲಿ ಬಂದು ಸಂಜೆ ವ್ಯಾನಿನಲ್ಲಿ ಹೋಗುತ್ತಿದ್ದರು. ಬಲಗಡೆಯ ಶೆಡ್ಡಿಗೆ ಬೀಗ. ಮೊದಲ ವಾರವೇ ಒಂದು ಕೀಲು ಮುರಿಯಿತು. ಗಲ್ಲಿಯಲ್ಲಾದರೆ ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಆಗುತ್ತಿದ್ದ ಕೆಲಸ. ಇಲ್ಲಿ ಬೈಕು ಹತ್ತಿ ಮಧುಗಿರಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯಿತು. ಹೀಗೆ ಓಡಾಡಿದರೆ ಆಗದೆಂದು ಸ್ಪ್ರಿಂಗುಗಳನ್ನು ಬೆಂಗಳೂರಿನಿಂದ ಡಬ್ಬಿಗಟ್ಟಲೆ ತರಿಸಿದ. ಒಂದರಂತೆ ಒಂದು, ಹೊಳೆಯುವ ಸ್ಪ್ರಿಂಗು. ಕಿವಿಯ ಹತ್ತಿರ ಮಿಡಿದು ನೋಡಿದರೆ ಎಲ್ಲವೂ ಒಂದೇ ಸದ್ದು.

ಅವನು ಶೆಡ್ಡಿನ ಈ ಬಾಗಿಲಿಂದ ಆ ಬಾಗಿಲಿಗೆ ನಡೆಯುತ್ತಿದ್ದ. ಏನಾದರೂ ಹೊಳೆದರೆ ಹೇಳಲು ತಿರುಗುತ್ತಿದ್ದ, ಗೋಡೆ ಇರುತ್ತಿತ್ತು. ಮನೆಗೆ ಬಂದು ಕಾರಣವಿಲ್ಲದೆ ರೇಗುತ್ತಿದ್ದ. ಒಂದು ದಿನ ವನಜಾಕ್ಷಿ ಬುತ್ತಿ ಕಟ್ಟುತ್ತ ಹೇಳಿದಳು: "ಅಲ್ಲಿ ಜಗಳ ಆಡಕ್ಕೂ ಒಬ್ರಿಲ್ಲ. ಅದಕ್ಕೇ ನನ್ ಮ್ಯಾಲೆ ಬರ್ತೀಯ."

ಹನ್ನೆರಡು ಮಿಷನ್ನುಗಳು ಜನವರಿಯಲ್ಲಿ ಹೋದವು. ಫೆಬ್ರವರಿಯಲ್ಲಿ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, ಎರಡು ದಿನ ಮೋಡ ಕವಿದು ಮಳೆ ಹೊಯ್ಯಿತು. ಮರದಲ್ಲಿದ್ದ ಕಾಯಿ ಮೆತ್ತಗಾಯಿತು. ಲಕ್ಷ್ಮೀಪತಿಯ ಗೋದಾಮಿನಲ್ಲಿ ಹನ್ನೆರಡೂ ಮಿಷನ್ನುಗಳು ಒಂದೇ ದಿನ ಹಣ್ಣನ್ನು ಜಜ್ಜಿದವು. ಪಾಲಾಕ್ಷ ಹೋಗಿ ನೋಡಿದಾಗ ಸುತ್ತಿಗೆಗಳಿಗೆ ಹುಣಸೆ ಅಂಟಿ ಕಪ್ಪಗೆ ಉಂಡೆಗಟ್ಟಿತ್ತು. ಸ್ಪ್ರಿಂಗ್ ಬಿಗಿ ಮಾಡಿದ, ಸಡಿಲ ಮಾಡಿದ, ಎರಡು ದಿನ ಅಲ್ಲೇ ಇದ್ದು ಕೈ ತರಚಿಕೊಂಡ. ಏನೂ ಆಗಲಿಲ್ಲ. ಲಕ್ಷ್ಮೀಪತಿ ಕೂಗಾಡಲಿಲ್ಲ, ಮಿಷನ್ನುಗಳನ್ನು ಲಾರಿಗೆ ಹೇರಿಸಿ ಶೆಡ್ಡಿಗೆ ವಾಪಸು ಕಳಿಸಿದ, ಅಷ್ಟೆ. ಪಾಲಾಕ್ಷ ಆ ಹನ್ನೆರಡನ್ನೂ ಒಳಗೆ ಇಳಿಸಿಕೊಂಡ. ಶೆಡ್ಡಿಗೆ ಬೀಗ ಹಾಕಿ, ಬಸ್ಸು ಹಿಡಿದು ಮಿಡಿಗೇಶಿಗೆ ಹೋದ.

ಕಣದಲ್ಲಿ ಹೆಂಗಸರು ಕಾಯಿ ಬಡಿಯುತ್ತಿದ್ದರು. ಬೊಮ್ಮಕ್ಕ ತಲೆ ಎತ್ತಿ ನೋಡಿದಳು, ಬಾ ಎನ್ನಲಿಲ್ಲ.

"ತಪ್ಪಾಯ್ತು ಅಕ್ಕ" ಎಂದ ನಿಂತಲ್ಲೇ.

"ಯಾವ್ದು? ಹೆಸರು ನುಂಗಿದ್ದೋ, ಮಾತು ನುಂಗಿದ್ದೋ?"

"ಎರಡೂವೆ."

ಅವಳು ಪಕ್ಕದಲ್ಲಿದ್ದ ಸುತ್ತಿಗೆಯನ್ನು ಅವನ ಕಡೆ ತಳ್ಳಿದಳು. "ಕೂತ್ಕೋ. ಹೊಡಿ."

ಪಾಲಾಕ್ಷ ಕೂತ. ಮೊದಲ ಏಟಿಗೇ ಹಣ್ಣು ಜಜ್ಜಿಹೋಯಿತು. ಹೆಂಗಸರು ತಮ್ಮ ಪಾಡಿಗೆ ಬಡಿಯುತ್ತಲೇ ಇದ್ದರು. ಕಾಲು ಜೋಮು ಹಿಡಿಯಿತು, ಎರಡು ಸಲ ಏಳಲು ಹೋದ, ಎರಡು ಸಲವೂ ಬೊಮ್ಮಕ್ಕ "ಕೂತ್ಕೋ ಅಂದೆ" ಎಂದಳು. ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಅವನ ಕಿವಿಗೆ ಒಂದು ವ್ಯತ್ಯಾಸ ಬಿತ್ತು. ಹೆಂಗಸರು ಅವನು ಮೊದಲು ನೋಡಿದಾಗಿನ ಹಾಗೆ ಬಡಿಯುತ್ತಿರಲಿಲ್ಲ. ಏಟು ಹಗುರ, ಆದರೆ ಬಿರುಸು, ಒಂದರ ಹಿಂದೊಂದು. ಅವರ ಕೈಯಲ್ಲಿದ್ದ ಸುತ್ತಿಗೆಗಳೂ ಬೇರೆಯವು, ಚಿಕ್ಕವು.

"ಸುತ್ತಿಗೆ ಬದಲಾಯ್ಸಿದೀರಾ?"

"ಮಳೆ ಬಿದ್ದ ವರ್ಷದ ಕಾಯಿ ಕಣಪ್ಪ ಇದು. ಭಾರದ ಸುತ್ತಿಗೆಗೆ ತಡೀತದಾ? ಹಗುರವಾಗಿ, ಬೇಗ ಬೇಗ ಹೊಡೀಬೇಕು. ಇದನ್ನ ಯಾವ ಫಾರಂನಾಗೆ ಬರೀತಾರೆ?"

ಪಾಲಾಕ್ಷ ಸುತ್ತಿಗೆ ಕೆಳಗಿಟ್ಟ. ಮಿಷನ್ನಿಗೆ ಒಂದು ಸ್ಪ್ರಿಂಗ್ ಸಾಲದು. ಕಾಯಿ ನೋಡಿ ಹಾಕಲು ಮೂರು ಬಗೆಯವು ಬೇಕು, ವೇಗ ಬದಲಿಸಲು ಎರಡು ಗಾಲಿ ಬೇಕು. ಎದ್ದು ಹೊರಟೇಬಿಟ್ಟಿದ್ದ, ಬೊಮ್ಮಕ್ಕ ಅಂಗಿ ಹಿಡಿದು ನಿಲ್ಲಿಸಿದಳು.

"ನನ್ನ ಮಾತು ಕೇಳು ಮೊದ್ಲು. ಹೆಸರು ಬರ್ಕೊಂಡು ನಾನೇನು ನೆಕ್ಕಲಾ? ಬರೀಬೇಕಾದ್ರೆ ಬರಿ. ಆದ್ರೆ ಮಿಷನ್ನು ಹೆಂಗಸ್ರ ಕೈಯಾಗೆ ಇರ್ಬೇಕು. ಮಂಡಿಯವ್ರು ಕಾಯಿ ಹೊತ್ಕೊಂಡು ನಮ್ಮ ಕಣಕ್ಕೆ ಬರ್ಲಿ. ಅಂಗಾದ್ರೆ ಹೇಳು."

"ಅಂಗೇ ಆಗ್ಲಿ."

"ಹೋದ ಸಲವೂವೆ ಇಂಗೇ ಅಂದಿದ್ದೆ."

ಪಾಲಾಕ್ಷ ಸಂಜೆಯ ಬಸ್ಸು ಹಿಡಿದ. ಆ ವಾರವೇ ಶೆಡ್ಡು ಖಾಲಿ ಮಾಡಿ ಗಲ್ಲಿಗೆ ವಾಪಸಾದ. ಅಂಜನಪ್ಪ "ಬಂದ್ಯಾ ಸಾಹುಕಾರ" ಎಂದು ಎರಡು ದಿನ ಆಡಿಕೊಂಡ, ಮೂರನೆಯ ದಿನ ಕುಲುಮೆ ಹೊತ್ತಿಸಿದ. ಏಪ್ರಿಲ್ ಕೊನೆಗೆ, ಮೂರು ಬಗೆಯ ಸ್ಪ್ರಿಂಗಿನ ಮೊದಲ ಮಿಷನ್ನು ಮಿಡಿಗೇಶಿಯ ಸಂಘಕ್ಕೆ ಹೋಯಿತು. ತಡವಾಗಿತ್ತು, ಸುಗ್ಗಿ ಮುಗಿಯುತ್ತ ಬಂದಿತ್ತು. ಆದರೂ ಮೆತ್ತನೆಯ ಕಾಯಿಯ ಹಣ್ಣೂ ಇಡಿಯಾಗಿ ಬಂತು.

ಶೆಡ್ಡು ಯಾಕೆ ಬಿಟ್ಟಿರೆಂದು ಕೇಳಲು ನಾಗಭೂಷಣ್ ಸಿಟ್ಟಿನಲ್ಲೇ ಬಂದರು. ಪಾಲಾಕ್ಷ ಮೊದಲು ಅವರಿಗೆ ಬೊಮ್ಮಕ್ಕನ ಹೆಸರು ಸೇರಿಸಿ ಬರೆದ ತಿದ್ದುಪಡಿ ಅರ್ಜಿ ಕೊಟ್ಟ. ಆಮೇಲೆ, "ಸಾರ್, ಈ ಸ್ಪ್ರಿಂಗಿನ ಹಿಂದೆ ಒಂದು ಗಂಟೆ ನಡೀರಿ" ಎಂದ. ತಂತಿ ಅಂಜನಪ್ಪನಲ್ಲಿ ಸುರುಳಿಯಾಯಿತು, ಎದುರಿನ ಅಂಗಡಿಯಲ್ಲಿ ಅದರ ತುದಿ ಬಗ್ಗಿತು, ಪಾಲಾಕ್ಷನ ಲೇತಿನಲ್ಲಿ ಅದಕ್ಕೊಂದು ಕೀಲು ಬಂತು, ಮೋಟರಿನವನು ದಾರಿಯಲ್ಲೇ ತಡೆದು ನೋಡಿ "ಇಷ್ಟು ಉದ್ದ ಬೇಡ" ಎಂದು ಅರ್ಧ ಇಂಚು ಕಡಿಸಿದ. ನಾಗಭೂಷಣ್ ಬೆವರೊರೆಸಿಕೊಂಡು ಕಲ್ಲುಚಪ್ಪಡಿಯ ಮೇಲೆ ಕುಳಿತರು.

"ಹದಿನಾಲ್ಕು ಅಂಗಡಿಯನ್ನೂ ಅಲ್ಲಿಗೆ ಸಾಗಿಸೋಣ ಅಂತ ಬರೆದಿದ್ದೆ ನಾನು" ಎಂದರು. "ಕ್ಲಸ್ಟರ್ ಕಟ್ಟಬೇಕು ಅಂತ. ಇಲ್ಲಿ ಆಗಲೇ ಇದೆಯಲ್ರೀ."

"ಅದೇನೋ ಗೊತ್ತಿಲ್ಲ ಸಾರ್. ಒಂದು ಒಳ್ಳೇ ಕುಲುಮೆ ಕೊಡ್ಸಿ, ಎಲ್ರೂ ಬಳಸ್ತೀವಿ."

ಅವರು ಯೋಜನೆಯನ್ನು ಹೊಸದಾಗಿ ಬರೆದರು. ಗಲ್ಲಿಗೆ ವಿದ್ಯುತ್ ಕುಲುಮೆ ಮಂಜೂರಾಯಿತು. ಅದನ್ನಿಡುವ ಕಟ್ಟಡ ಮಂಜೂರಾಗಲಿಲ್ಲ. ಈಗ ಅದು ಅಂಜನಪ್ಪನ ತಗಡಿನ ಮಾಡಿನ ಕೆಳಗಿದೆ, ಪಾಳಿಯ ಮೇಲೆ ನಡೆಯುತ್ತದೆ, ಪಾಳಿಗಾಗಿ ಜಗಳವೂ ನಡೆಯುತ್ತದೆ.

ಈ ಸುಗ್ಗಿಯಲ್ಲಿ ನಾಲ್ಕು ಸಂಘಗಳಲ್ಲಿ ಮಿಷನ್ನು ಓಡುತ್ತಿದೆ: ಮಿಡಿಗೇಶಿ, ಹೊಳವನಹಳ್ಳಿ, ಸಿರಾದ ಹತ್ತಿರ ಒಂದು, ಪಾವಗಡದ ತಿರುಮಣಿಯಲ್ಲಿ ಒಂದು. ಲಕ್ಷ್ಮೀಪತಿ ಕಾಯಿ ತುಂಬಿದ ಲಾರಿಯನ್ನು ಬೊಮ್ಮಕ್ಕನ ಕಣಕ್ಕೇ ಕಳಿಸುತ್ತಾನೆ. ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಬೊಮ್ಮಕ್ಕನ ನಲವತ್ತು ಹೆಂಗಸರಲ್ಲಿ ಒಂಬತ್ತು ಜನಕ್ಕೆ ಕಣದಲ್ಲಿ ಕೆಲಸ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಗಾರ್ಮೆಂಟ್ಸಿನ ಬಸ್ಸು ಹತ್ತುತ್ತಾರೆ. ಉಳಿದವರಿಗೆ ಬೀಜ ಹುರಿದು ಪುಡಿ ಮಾಡುವ ಕೆಲಸ ಹುಟ್ಟಿಸಬೇಕೆಂದು ಬೊಮ್ಮಕ್ಕ ಪಾಲಾಕ್ಷನ ಬೆನ್ನು ಬಿದ್ದಿದ್ದಾಳೆ. ಆ ಒಂಬತ್ತು ಹೆಸರುಗಳು ಅವನಿಗೆ ಬಾಯಿಪಾಠ.

ಮೊನ್ನೆ ತಿರುಮಣಿಯಿಂದ ಗಂಗಲಕ್ಷ್ಮಿಯ ಫೋನು ಬಂತು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಕೈ ಖಾಲಿ ಎಂದು ಸಂಘ ಕಟ್ಟಿದವಳು ಅವಳು, ಮಾತಿನಲ್ಲಿ ಅರ್ಧ ತೆಲುಗು.

"ಅಣ್ಣಾ, ನಿಮ್ಮ ಮಿಷನ್ನು ಇಕ್ಕಡ ಸರಿಗಾ ಒಡೀತಿಲ್ಲ. ನಮ್ಮ ಕಡೆ ಕಾಯಿ ಚಿಕ್ಕದು, ಡೊಂಕು. ಒಳಗೇ ಸಿಕ್ಕಾಕ್ಕೊಂತದೆ."

ಪಾಲಾಕ್ಷ ಊಟದ ಮುಂದಿದ್ದ. ವನಜಾಕ್ಷಿ ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಅವನು ಸ್ಪ್ರಿಂಗಿನ ಚೀಲ ಹೆಗಲಿಗೇರಿಸಿ ಬೊಮ್ಮಕ್ಕನಿಗೆ ಫೋನು ಹಚ್ಚಿದ್ದ. ಪಾವಗಡದ ಬಸ್ಸು ಮಿಡಿಗೇಶಿಯಲ್ಲಿ ನಿಂತಾಗ ಬೊಮ್ಮಕ್ಕ ಹತ್ತಿ ಪಕ್ಕದ ಸೀಟಿನಲ್ಲಿ ಕುಳಿತಳು.

"ಡೊಂಕು ಕಾಯಿ ಅಂತೆ" ಎಂದ ಪಾಲಾಕ್ಷ. "ಕಾಯಿ ಇಳಿಯೋ ಜಾಲರಿ ಬದಲಾಯಿಸ್ಬೇಕು ಅನ್ಸ್ತದೆ. ಇಲ್ಲ ಅಂದ್ರೆ ಸುತ್ತಿಗೆ ಸಾಲು."

"ಹೋಗಿ ಆ ಹೆಂಗಸ್ರು ಹೆಂಗೆ ಹೊಡೀತಾರೆ ನೋಡಾಣ ತಡಿ" ಎಂದಳು ಬೊಮ್ಮಕ್ಕ.