ಪಾಯಿಂಟಕ್ಕ ಮತ್ತು ತಮ್ಮನ ಹೊಟ್ಟೆನೋವು

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಪಾಯಿಂಟಕ್ಕ ಎಂದೇ ಹೆಸರು. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಯಂತ್ರ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಲೆಕ್ಕ ಕೊಡುತ್ತಿತ್ತು. ಡಾಕ್ಟರಿಗೆ ಬೇಕಾದದ್ದು ಡೆಸಿಲೀಟರಿನ, ಅಂದರೆ ಲೀಟರಿನ ಹತ್ತರಲ್ಲೊಂದು ಪಾಲಿನ ಲೆಕ್ಕ. ಹಾಗಾಗಿ ಬಂದ ಅಂಕಿಯಲ್ಲಿ ಪಾಯಿಂಟನ್ನು ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯುವುದು ಅವಳ ಕೆಲಸ. ವರ್ಷಗಟ್ಟಲೆ ಸರಿಸಿ ಸರಿಸಿ, ಮನೆಯ ಹಾಲಿನ ಲೆಕ್ಕವನ್ನೂ ಹತ್ತರಿಂದ ಭಾಗಿಸುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವಳಿಗೂ ಅದರಲ್ಲಿ ಸ್ವಲ್ಪ ಜಂಬವಿತ್ತು.

ಅವಳ ತಮ್ಮ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಈಚೆಗೆ ಹೊಟ್ಟೆ ಹಿಂಡುತ್ತದೆ, ಕೈಯಲ್ಲಿ ಬಲವಿಲ್ಲ ಎನ್ನುತ್ತ ಆಗಾಗ ರಜೆ ಹಾಕುತ್ತಿದ್ದ. ಹೆಂಡತಿ ಮುಖ ಊದಿಸಿಕೊಂಡಳು. ಅಮ್ಮನೂ ಇದೆಲ್ಲ ನಾಟಕ ಎಂದುಬಿಟ್ಟಳು. ಕೊನೆಗೆ ಅಕ್ಕನೇ ಅವನನ್ನು ಲ್ಯಾಬಿಗೆ ಎಳೆದು ತಂದು ಸೂಜಿ ಚುಚ್ಚಿದಳು.

ಅದೇ ಮಧ್ಯಾಹ್ನ ರಿಪೇರಿಯವನು ಬಂದು ಯಂತ್ರವನ್ನು ನೇರವಾಗಿ ಡೆಸಿಲೀಟರಿನ ಲೆಕ್ಕಕ್ಕೇ ತಿರುಗಿಸಿ ಹೋಗಿದ್ದ. "ಇನ್ಮೇಲೆ ನೀವೇನೂ ಭಾಗಿಸ್ಬೇಡಿ ಮೇಡಂ," ಎಂದು ಹೇಳಿಯೂ ಇದ್ದ. ಅವಳು ಹೂಂಗುಟ್ಟಿದ್ದಳು. ಆದರೆ ಕೈಯ ಅಭ್ಯಾಸ ಕೇಳಬೇಕಲ್ಲ! ತಮ್ಮನ ರಕ್ತಕ್ಕೆ ಯಂತ್ರ ನಲವತ್ತೆಂಟು ತೋರಿಸಿತು. ಕೈ ತನ್ನ ಪಾಡಿಗೆ ತಾನು 4.8 ಎಂದು ಬರೆಯಿತು. ಐದರೊಳಗಿದ್ದರೆ ಗಾಬರಿಯಿಲ್ಲ.

ಸಂಜೆ ತಮ್ಮನ ಮನೆಗೆ ಹೋಗಿ ಎಲ್ಲರೆದುರೇ ಹೇಳಿದಳು: "ನಿನಗೇನೂ ಆಗಿಲ್ಲ ಕಣೋ. ಮೈಗಳ್ಳತನಕ್ಕೆ ಯಾರ ಹತ್ರಾನೂ ಔಷಧಿ ಇಲ್ಲ. ಸುಮ್ನೆ ಕೆಲಸಕ್ಕೆ ಹೋಗು."

ಅಮ್ಮ, ಹೆಂಡತಿ ಇಬ್ಬರೂ ನಕ್ಕರು. ಅವನು ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಲ್ಯಾಬಿನಲ್ಲಿ ದಿನದ ಮೊದಲ ಕೆಲಸ ಯಂತ್ರವನ್ನು ಪರೀಕ್ಷಿಸುವುದು. ಅದಕ್ಕೆಂದೇ, ಉತ್ತರ ಮೊದಲೇ ಗೊತ್ತಿರುವ ರಕ್ತದ ಒಂದು ಬಾಟಲಿ ಇರುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಯಂತ್ರಕ್ಕೆ ಕೊಟ್ಟಳು. ಉತ್ತರ ಇಪ್ಪತ್ತು ಆಗಬೇಕಿತ್ತು. ಅವಳು ಬರೆದದ್ದು ಎರಡು. ಹಾಳು ಯಂತ್ರ ಎಂದು ಬೈಯಲು ಬಾಯಿ ತೆರೆದವಳಿಗೆ ರಿಪೇರಿಯವನ ಮಾತು ನೆನಪಾಯಿತು. ಮೇಲಿನವರ ಮುಂದೆ ತಪ್ಪು ಒಪ್ಪಿಕೊಂಡು, ಹಿಂದಿನ ಮಧ್ಯಾಹ್ನದ ವರದಿಗಳನ್ನೆಲ್ಲ ತಡೆಸಿ, ಬಿಳಿ ಕೋಟು ಕೂಡ ಬಿಚ್ಚದೆ ಶೆಡ್ಡಿಗೆ ಓಡಿದಳು.

ತಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕುಲುಮೆಯ ಪಕ್ಕ ನಿಂತಿದ್ದ. ಅವನನ್ನು ರಸ್ತೆಗೆ ಎಳೆದುಕೊಂಡು ಬಂದು ಒಂದೇ ಉಸಿರಿಗೆ ಹೇಳಿದಳು: "ನಾನು ತಪ್ಪು ಬರೆದೆ ಕಣೋ. ನಿನ್ನ ಸೀಸ ನಲವತ್ತೆಂಟು. ಮೈಯೆಲ್ಲ ವಿಷ ತುಂಬ್ಕೊಂಡಿದೆ. ಈಗ್ಲೇ ಡಾಕ್ಟರ ಹತ್ರ ನಡಿ, ಇನ್ನು ಈ ಕಡೆ ತಲೆ ಹಾಕ್ಬೇಡ."

ಬೈಯುತ್ತಾನೆ, ಇಲ್ಲವೇ ಹೆದರಿ ಕುಸಿದು ಕೂರುತ್ತಾನೆ ಎಂದುಕೊಂಡಿದ್ದಳು. ಅವನು ಮೂಗಿನ ಬಟ್ಟೆ ಬಿಚ್ಚಿದಾಗ ನೋಡಿದರೆ, ಮುಖ ಅರಳಿತ್ತು. ಅದನ್ನು ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ.

"ಹಾಗಾದ್ರೆ ನಾನು ಸುಳ್ಳು ಹೇಳ್ತಿರಲಿಲ್ಲ ಅಲ್ವಾ ಅಕ್ಕಾ?" ಎಂದ. "ಡಾಕ್ಟರ ಹತ್ರ ಆಮೇಲೆ ಹೋಗೋಣ. ಮೊದ್ಲು ಮನೆಗೆ ಬಂದು ಅವರೆದ್ರಿಗೆ ಹೇಳು."